ಗೇಟು ಆಡುವ ಮಾತು

ನಮ್ಮ ಬೆಳ್ಮಣ್ಣಿಗೆ ರೈಲಿಲ್ಲ. ಪಡುಬಿದ್ರಿಯ ದಾರಿ ಹಿಡಿದು ನಂದಿಕೂರಿನವರೆಗೆ ಹೋದರೆ ಕೊಂಕಣ ರೈಲಿನ ಹಳಿ ಸಿಗುತ್ತದೆ. 1993ರಲ್ಲಿ ಮಂಗಳೂರಿನಿಂದ ಉಡುಪಿಗೆ ಗಾಡಿ ಓಡುವ ಮೊದಲು, ನಮ್ಮ ಪಾಲಿಗೆ ರೈಲೆಂದರೆ ಮಂಗಳೂರಿನ ಪಾಂಡೇಶ್ವರದ ಗೇಟು. ಬಾಲ್ಯದಲ್ಲಿ ತಂದೆಯ ಕೈ ಹಿಡಿದು ಅಲ್ಲಿ ಕಾದಿದ್ದೇನೆ. ದೊಡ್ಡವನಾದ ಮೇಲೆ ಕಾಯಲಾರದೆ ಒಮ್ಮೆ ಗೇಟಿನಡಿ ನುಸುಳಿದ್ದೂ ಉಂಟು. ರೈಲು ಹೇಗೂ ಕೂಗುತ್ತದಲ್ಲ ಎಂಬ ಧೈರ್ಯ!

ಆ ಕೂಗಿನ ಲೆಕ್ಕ ನನಗೆ ತಿಳಿದದ್ದು ತಡವಾಗಿ. ಗೇಟಿಗೆ 600 ಮೀಟರು ಮುಂಚೆ ಹಳಿಯ ಪಕ್ಕದಲ್ಲಿ ಒಂದು ಹಳದಿ ಫಲಕವಿರುತ್ತದೆ. ಅಲ್ಲಿಂದ ಗೇಟು ದಾಟುವವರೆಗೂ ಚಾಲಕ ಕೂಗು ಹಾಕಬೇಕು. ಗಂಟೆಗೆ 100 ಕಿಲೋಮೀಟರು ವೇಗದ ಗಾಡಿಗೆ ಅದು ಸುಮಾರು 22 ಸೆಕೆಂಡಿನ ಹಾದಿ. ಅಷ್ಟರೊಳಗೆ ಅದು ನಿಂತೀತೆಂಬ ಭರವಸೆಯಿಲ್ಲ. ಕೂಗಿನಿಂದ ಎಚ್ಚರವಾಗುವುದು ರಸ್ತೆಯವನಿಗೆ. ಗೇಟು ಮುಚ್ಚಿದೆಯೆ, ತೆರೆದಿದೆಯೆ ಎಂದು ಚಾಲಕನಿಗೆ ಹೇಳುವವರಾರು?

ಇದಕ್ಕೆ ಹಿಂದಿನವರು ಕಂಡುಕೊಂಡ ಮದ್ದು ಬೀಗ. ಗೇಟು ಮುಚ್ಚಿ ಬೀಗ ಬಿದ್ದ ಹೊರತು ಸಿಗ್ನಲ್ ಕೊಡಲಾಗದಂತೆ, ಸಿಗ್ನಲ್ ಕೊಟ್ಟ ಮೇಲೆ ಗೇಟು ತೆರೆಯದಂತೆ ಎರಡನ್ನೂ ಬೆಸೆದರು. ಗೇಟು ಚಾಲಕನೊಡನೆ ಮಾತನಾಡತೊಡಗಿತು. ನಾವು ನಿಂತು ಗೊಣಗುವ ಹತ್ತು ನಿಮಿಷ ಆ ಮಾತಿಗೆ ತೆರುವ ಬೆಲೆ.

ಆದರೆ ಬೀಗವೂ ಕಾವಲೂ ಇಲ್ಲದ ದಾಟುಗಳು ಬಹುಕಾಲ ಉಳಿದವು. ಅಂಥಲ್ಲಿ ವಾಹನ ನಿಲ್ಲಿಸಿ, ಕಂಡಕ್ಟರೊಬ್ಬ ಮುಂದೆ ನಡೆದು ಹಳಿ ನೋಡಿ ಬರಬೇಕೆಂದು 1988ರ ಮೋಟಾರು ವಾಹನ ಕಾಯಿದೆ ವಿಧಿಸಿತು. ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಅವು ಮುಗಿದದ್ದು 2019ರ ಜನವರಿಗೆ.

ಈ ನಡುವೆ ನಮ್ಮ ಕರಾವಳಿಯ ಕೊಂಕಣ ರೈಲ್ವೆಯೇ ಹೊಸ ದಾರಿ ಹುಡುಕಿತ್ತು. ಅಲ್ಲಿನ ಬಿ. ರಾಜಾರಾಂ ಅವರು ರೂಪಿಸಿದ ‘ರಕ್ಷಾ ಕವಚ’ ಉಪಕರಣ ರೇಡಿಯೋ ಮೂಲಕ ಇಬ್ಬರಿಗೂ ಸುದ್ದಿ ಮುಟ್ಟಿಸುತ್ತಿತ್ತು. ರಸ್ತೆಯವನಿಗೆ ದೀಪ, ಸೈರನ್ನು. ಗೇಟು ತೆರೆದಿದ್ದರೆ ಇಂಜಿನಿಗೆ ವೇಗ ತಗ್ಗಿಸುವ ಸೂಚನೆ. ಈಶಾನ್ಯ ಗಡಿ ರೈಲ್ವೆಯಲ್ಲಿ ಅದನ್ನು ಅಳವಡಿಸಿದ್ದರು. ಇಂದಿನ ‘ಕವಚ್’ ವ್ಯವಸ್ಥೆ ಇರುವ ಇಂಜಿನು ಗೇಟು ಸಮೀಪಿಸಿದಾಗ ತಾನೇ ಕೂಗು ಹಾಕುತ್ತದೆ.

ಯಂತ್ರ ಕೂಗೀತು, ವೇಗವನ್ನೂ ತಗ್ಗಿಸೀತು. ಮುಚ್ಚಿದ ಗೇಟಿನಡಿ ಬಗ್ಗಿ ಬರುವ ಬೆನ್ನಿನ ಸುದ್ದಿಯನ್ನು ಮಾತ್ರ ಯಾವ ಬೀಗವೂ ಚಾಲಕನಿಗೆ ಮುಟ್ಟಿಸದು. ಪಾಂಡೇಶ್ವರದಲ್ಲಿ ನಾನು ನುಸುಳಿದ ದಿನ ಗಾಡಿ ಉದ್ದಕ್ಕೆ ಕೂಗಿತ್ತು. ಅದನ್ನು ಗದರಿಕೆ ಎಂದುಕೊಂಡಿದ್ದೆ. ಚಾಲಕನ ಕೈಯಲ್ಲಿ ಉಳಿದಿದ್ದ ಉಪಾಯ ಅದೊಂದೇ ಎಂಬುದು ಆಗ ನನಗೆ ಹೊಳೆಯಲಿಲ್ಲ.