ವೈದ್ಯಮಂಡಲಿಗಳ ಹಳೆಯ ಕಡತಗಳು

ವೈದ್ಯಗ್ರಂಥಗಳ ಚರಿತ್ರೆಯೇ ಬೇರೆ, ವೈದ್ಯರ ಚರಿತ್ರೆಯೇ ಬೇರೆ. ಮೊದಲನೆಯದಕ್ಕೆ ನಮ್ಮಲ್ಲಿ ಸಾಮಗ್ರಿಯ ಕೊರತೆಯಿಲ್ಲ. ಮಂಗರಾಜನ ಖಗೇಂದ್ರಮಣಿದರ್ಪಣವು 1942ರಲ್ಲಿಯೇ ಮದರಾಸು ವಿಶ್ವವಿದ್ಯಾನಿಲಯದಿಂದ ಅಚ್ಚಾಯಿತು. ಆದರೆ ವೈದ್ಯರು ಮಂಡಲಿಯಾಗಿ ಸೇರಿ ನಡೆಸಿದ ಕಾರ್ಯಗಳ ನಡವಳಿಕೆ, ಜಮಾಖರ್ಚು, ಪತ್ರವ್ಯವಹಾರ ಇವುಗಳನ್ನು ಭಂಡಾರಗಳು ಗ್ರಂಥವೆಂದು ಎಣಿಸಲಿಲ್ಲ, ವೈದ್ಯರೂ ಎಣಿಸಲಿಲ್ಲ.

ಶ್ರೀರಂಗಪಟ್ಟಣದ ದೃಷ್ಟಾಂತವನ್ನು ನೋಡಬಹುದು. 1799ರಲ್ಲಿ ಕೋಟೆಯು ಬಿದ್ದಾಗ ಟೀಪೂಸುಲ್ತಾನನ ಪುಸ್ತಕಭಂಡಾರದಲ್ಲಿ ಸುಮಾರು 2000 ಸಂಪುಟಗಳಿದ್ದುವು; ಅವುಗಳಲ್ಲಿ ವೈದ್ಯಗ್ರಂಥಗಳೂ ಉಂಟು. ಅವೆಲ್ಲ ಕಲ್ಕತ್ತೆಗೂ ಇಂಗ್ಲೆಂಡಿಗೂ ಚದುರಿಹೋದುವು. ಆದರೂ ಚಾರ್ಲ್ಸ್ ಸ್ಟೂವರ್ಟನು 1809ರಲ್ಲಿ ಅಚ್ಚುಮಾಡಿಸಿದ ವಿವರಣಾತ್ಮಕವಾದ ಪಟ್ಟಿಯಿರುವುದರಿಂದ, ಆ ಭಂಡಾರದಲ್ಲಿ ಏನಿದ್ದಿತೆಂಬುದನ್ನು ಇಂದಿಗೂ ಹೇಳಬಹುದು. ಪುಸ್ತಕವು ಹೋದರೂ ಪಟ್ಟಿಯು ಸಾಕ್ಷಿ ನುಡಿಯುತ್ತದೆ. ಹಳ್ಳಿಯ ವೈದ್ಯರ ಪೆಟ್ಟಿಗೆಗಳಿಗೆ ಇಷ್ಟು ಭಾಗ್ಯವೂ ಇಲ್ಲ.

ಹುಡುಕುವವನಿಗೆ ಮೊದಲು ತೊಡಕಾಗುವುದು ಊರಿನ ಹೆಸರು. ಪಾಂಡವಪುರವು ಹಿಂದೆ ಹಿರೋಡೆ. ಹೈದರ್-ಟೀಪೂಗಳ ಸೇವೆಯಲ್ಲಿದ್ದ ಫ್ರೆಂಚರು ಬಿಡಾರಮಾಡಿದ್ದರಿಂದ ಫ್ರೆಂಚ್ ರಾಕ್ಸ್ ಎಂದೂ ಆಯಿತು. ಕೃಷ್ಣರಾಜಪೇಟೆಯು ಅತ್ತಿಕುಪ್ಪೆ. ನಾಗಮಂಗಲದ ಹೆಸರು ಹಾಗೆಯೇ ಉಳಿಯಿತಾದರೂ, 1939ರಲ್ಲಿ ಮಂಡ್ಯ ಜಿಲ್ಲೆಯು ಏರ್ಪಡುವುದಕ್ಕೆ ಮುಂಚಿನ ಕಾಗದಗಳನ್ನು ಮೈಸೂರು ಜಿಲ್ಲೆಯ ಕಟ್ಟುಗಳಲ್ಲಿಯೇ ಅರಸಬೇಕು. ಇದನ್ನರಿಯದೆ 'ಪಾಂಡವಪುರದ ದಾಖಲೆ ಏನೂ ಇಲ್ಲ' ಎಂದು ಬರೆದುಬಿಡುವವರುಂಟು.

ಎರಡನೆಯ ತೊಡಕು ದ್ರವ್ಯದ್ದು. ತಾಳೆಯೋಲೆಗೆ ಎಣ್ಣೆ ಸವರಿ, ಹಲಗೆಯ ನಡುವೆ ಬಿಗಿದರೆ ಶತಮಾನಗಳು ನಿಲ್ಲುತ್ತದೆ. ಕಡತವು ಹಾಗಲ್ಲ. ಇಂದು ಕಚೇರಿಯ ಕಾಗದದ ಕಟ್ಟಿಗೆ ಆ ಹೆಸರು ಸಂದಿದೆಯಷ್ಟೆ. ಮೂಲದಲ್ಲಿ ಅದು ಹುಣಿಸೆಬೀಜದ ಸರಿಯನ್ನೂ ಇದ್ದಿಲನ್ನೂ ಬಳಿದ ಮಡಿಕೆಯ ಬಟ್ಟೆ. ಬಳಪದ ಬರೆಹಕ್ಕೆ ಒದ್ದೆ ಕೈ ತಗುಲಿದರೆ ಸಾಕು, ಲೆಕ್ಕವೆಲ್ಲ ಅಳಿಯುತ್ತದೆ. ಎಲ್ಲಕ್ಕಿಂತ ದುರ್ಬಲವಾದುದು ಈಚಿನ ಕಾಗದ. 1907ರಲ್ಲಿ ಅಖಿಲಭಾರತ ಆಯುರ್ವೇದ ಸಮ್ಮೇಳನವೂ 1908ರಲ್ಲಿ ಮೈಸೂರಿನ ಆಯುರ್ವೇದ ವಿದ್ಯಾಶಾಲೆಯೂ ಹುಟ್ಟಿದುವು. ಆ ಕಾಲದಿಂದೀಚಿನ ಸಭೆಗಳ ನಿರ್ಣಯಗಳು ಬಹುಮಟ್ಟಿಗೆ ಮರದ ತಿರುಳಿನ ಕಾಗದದ ಮೇಲಿವೆ. ಅದರಲ್ಲಿರುವ ಆಮ್ಲವೇ ಅದನ್ನು ಒಳಗಿನಿಂದ ತಿನ್ನುತ್ತದೆ. ಹೀಗೆ ಮುನ್ನೂರು ವರ್ಷದ ಓಲೆಗಿಂತ ಎಂಬತ್ತು ವರ್ಷದ ನಡವಳಿಕೆಯ ಪುಸ್ತಕವು ಮೊದಲು ಪುಡಿಯಾಗುತ್ತಿದೆ.

ಅಂಥದೊಂದು ಪುಸ್ತಕವನ್ನು ನಾನು ಒಬ್ಬ ವೈದ್ಯರ ಮನೆಯಲ್ಲಿ ಕಂಡೆನು. ಅವರ ಅಜ್ಜನ ಔಷಧಯೋಗಗಳ ಓಲೆಯು ದೇವರ ಗೂಡಿನಲ್ಲಿ ಪೂಜೆಗೊಳ್ಳುತ್ತಿದ್ದಿತು. ಅದೇ ಅಜ್ಜನು ಕಾರ್ಯದರ್ಶಿಯಾಗಿ ಬರೆದ ಸಭೆಯ ಪುಸ್ತಕವು ಅಟ್ಟದ ಮೇಲೆ, ಅರ್ಧ ಗೆದ್ದಲಿಗೆ ಹೋಗಿ ಬಿದ್ದಿದ್ದಿತು. ಯಾರು ಎಷ್ಟು ಚಂದಾ ಕೊಟ್ಟರು, ಯಾವ ಮೂಲಿಕೆಗೆ ಎಷ್ಟು ಕ್ರಯ ತೆತ್ತರು ಎಂಬುದು ಓಲೆಯಲ್ಲಿಲ್ಲ, ಅಟ್ಟದ ಪುಸ್ತಕದಲ್ಲಿದ್ದಿತು. ಉಳಿದ ಹಾಳೆಗಳನ್ನು ಎಣಿಸಿ, ಪ್ರತಿಯೊಂದರ ಮೊದಲ ಸಾಲನ್ನು ನಕಲುಮಾಡಿಕೊಂಡು ಬಂದೆನು. ಮೂವತ್ತೊಂದು ಹಾಳೆಗಳು.