ಗ್ರಂಥಾಲಯವು ತರಗತಿಯೊಳಗೆ ಬಂದ ಬಗೆ

ಗ್ರಂಥಾಲಯವೇ ವಿಶ್ವವಿದ್ಯಾಲಯದ ಹೃದಯ ಎಂಬ ಮಾತನ್ನು ಭಾಷಣಗಳಲ್ಲಿ ಆಗಾಗ ಕೇಳುತ್ತೇವೆ. ಆದರೆ ಅಲ್ಲಿ ಬೇಕಾದುದನ್ನು ಹುಡುಕುವುದು, ಸಿಕ್ಕಿದ್ದನ್ನು ಪರಿಶೀಲಿಸುವುದು ಹೇಗೆಂದು ವಿದ್ಯಾರ್ಥಿಗೆ ಕಲಿಸುವವರು ಯಾರು? ಅದು ಗ್ರಂಥಪಾಲಕರ ಕೆಲಸವೆಂದು ಅಧ್ಯಾಪಕರು ತಿಳಿಯುತ್ತಾರೆ. ಗ್ರಂಥಪಾಲಕರಿಗೋ ತರಗತಿಯಲ್ಲಿ ಜಾಗವಿಲ್ಲ. ಈ ಅಂತರವನ್ನು ತುಂಬುವ ಪ್ರಯತ್ನಕ್ಕೆ ಹತ್ತಿರಹತ್ತಿರ ಒಂದೂವರೆ ಶತಮಾನದ ಚರಿತ್ರೆಯಿದೆ.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಗ್ರಂಥಪಾಲಕ ರೇಮಂಡ್ ಡೇವಿಸ್ 1880ರ ದಶಕದಲ್ಲೇ ಗ್ರಂಥಸೂಚಿಗಳ ಕುರಿತು ಪ್ರತ್ಯೇಕ ಪಾಠ ಮಾಡಿದರು. ಇದು ದೊಡ್ಡ ಹೆಜ್ಜೆಯೇ. ಆದರೆ ಪ್ರತ್ಯೇಕ ಪಾಠಕ್ಕೊಂದು ಮಿತಿಯಿದೆ. ನೀರಿಗಿಳಿಯದೆ ಈಜು ಕಲಿತಂತೆ, ಹುಡುಕುವ ಅಗತ್ಯವೇ ಇಲ್ಲದಾಗ ಕಲಿತ ಹುಡುಕಾಟ ಬೇಗ ಮರೆತುಹೋಗುತ್ತದೆ.

ಈ ಮಿತಿಯನ್ನು ಮೀರಲು ಹೊರಟವರು ಪೆಟ್ರೀಷಿಯಾ ನ್ಯಾಪ್. ಡೆಟ್ರಾಯಿಟ್ ನಗರದ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಸೇರಿದ ಮಾಂಟೀತ್ ಕಾಲೇಜಿನಲ್ಲಿ 1960ರಿಂದ 1962ರವರೆಗೆ ಅವರು ಒಂದು ಪ್ರಯೋಗ ನಡೆಸಿದರು. ಗ್ರಂಥಪಾಲಕರು ಅಧ್ಯಾಪಕರೊಂದಿಗೆ ಕುಳಿತು, ಪಾಠಕ್ಕೆ ಹೊಂದುವ ಅಭ್ಯಾಸಗಳನ್ನು ರೂಪಿಸಬೇಕು. ಯಾವ ಕಪಾಟಿನಲ್ಲಿ ಯಾವ ಪುಸ್ತಕವಿದೆ ಎಂಬುದಕ್ಕಿಂತ, ಜ್ಞಾನವನ್ನು ಹೇಗೆ ಜೋಡಿಸಿಡಲಾಗಿದೆ ಎಂಬುದು ವಿದ್ಯಾರ್ಥಿಗೆ ತಿಳಿಯಬೇಕು ಎಂಬುದು ಅವರ ನಿಲುವು. ಅಧ್ಯಾಪಕರೆಲ್ಲರ ಮನವೊಲಿಸುವುದು ಸುಲಭವಾಗಲಿಲ್ಲ. ಪ್ರಯೋಗ ಶಾಶ್ವತ ವ್ಯವಸ್ಥೆಯಾಗಿ ಬೆಳೆಯಲಿಲ್ಲ. ಆದರೂ 1966ರಲ್ಲಿ ಪ್ರಕಟವಾದ ಅದರ ವರದಿ ಮುಂದಿನವರಿಗೆ ದಾರಿದೀಪವಾಯಿತು.

ಇಂಡಿಯಾನಾ ರಾಜ್ಯದ ಅರ್ಲ್‌ಹ್ಯಾಮ್ ಎಂಬ ಸಣ್ಣ ಕಾಲೇಜು ಈ ವಿಚಾರವನ್ನು ದಿನನಿತ್ಯದ ರೂಢಿಯಾಗಿಸಿತು. 1962ರಲ್ಲಿ ಅಲ್ಲಿ ಗ್ರಂಥಪಾಲಕರಾದ ಇವಾನ್ ಫಾರ್ಬರ್ ಮೂರು ದಶಕಗಳ ಕಾಲ ಇದನ್ನೇ ಸಾಧಿಸಿದರು. ಜೀವಶಾಸ್ತ್ರವಿರಲಿ, ಇತಿಹಾಸವಿರಲಿ, ಪ್ರಬಂಧ ಬರೆಯಬೇಕಾದ ಹೊತ್ತಿಗೇ ಗ್ರಂಥಪಾಲಕರು ಆ ತರಗತಿಗೆ ಬಂದು, ಆ ವಿಷಯಕ್ಕೆ ಬೇಕಾದ ಆಕರಗಳನ್ನು ಪರಿಚಯಿಸುತ್ತಿದ್ದರು. ಅಧ್ಯಾಪಕ ಮತ್ತು ಗ್ರಂಥಪಾಲಕರ ನಡುವಿನ ಸ್ನೇಹ, ವಿಶ್ವಾಸವೇ ಇದರ ಗುಟ್ಟು.

ನಮ್ಮಲ್ಲಿ ಈ ಯೋಚನೆ ಇರಲಿಲ್ಲವೆಂದಲ್ಲ. ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಎಸ್. ಆರ್. ರಂಗನಾಥನ್, ಹೊಸ ಓದುಗನಿಗೆ ದೀಕ್ಷೆ ಕೊಡುವುದನ್ನು ಗ್ರಂಥಾಲಯ ಸೇವೆಯ ಭಾಗವೆಂದೇ ಪರಿಗಣಿಸಿದ್ದರು. ಓದುಗನ ಸಮಯ ಉಳಿಸಬೇಕೆಂಬುದು 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲೊಂದು. 1962ರಲ್ಲಿ ಅವರು ಬೆಂಗಳೂರಿನಲ್ಲಿ ಕಟ್ಟಿದ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಗ್ರಂಥಾಲಯ ತಜ್ಞರನ್ನು ತಯಾರಿಸಿತು. ಆದರೆ ತಜ್ಞರು ತಯಾರಾದ ಮಾತ್ರಕ್ಕೆ ತರಗತಿಯ ಬಾಗಿಲು ತೆರೆಯುವುದಿಲ್ಲ.

ಯುಜಿಸಿ 2019ರಲ್ಲಿ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಸಂಶೋಧನೆ ಮತ್ತು ಪ್ರಕಟಣೆಯ ನೀತಿ ಕುರಿತ 2 ಕ್ರೆಡಿಟ್‌ಗಳ ಪಾಠವನ್ನು ಕಡ್ಡಾಯಗೊಳಿಸಲು ನಿರ್ಧರಿಸಿತು. ಕೃತಿಚೌರ್ಯ, ದತ್ತಸಂಚಯಗಳ ಪರಿಚಯ ಅದರಲ್ಲಿದೆ. ಸ್ವಾಗತಾರ್ಹವೇ. ಆದರೆ ಪಿಎಚ್.ಡಿ.ವರೆಗೆ ತಲುಪುವವರು ಎಷ್ಟು ಮಂದಿ? ಮನೆಯಲ್ಲಿ ಪುಸ್ತಕವನ್ನೇ ಕಾಣದೆ ಮೊದಲ ಬಾರಿಗೆ ಪದವಿ ತರಗತಿಗೆ ಬಂದ ಹುಡುಗ, ಹುಡುಗಿಗೆ ಕೇಳಲು ಅಣ್ಣನಿಲ್ಲ, ಅಕ್ಕನಿಲ್ಲ. ಅನುಕೂಲಸ್ಥರ ಮಕ್ಕಳು ಇದನ್ನು ಮನೆಯಲ್ಲೇ ಕಲಿಯಬಹುದು. ಇವರಿಗೆ ತರಗತಿಯೇ ಕಲಿಸಬೇಕು. ಕಲಿಸದಿದ್ದರೆ ಮೊಬೈಲಿನಲ್ಲಿ ಮೊದಲು ಕಂಡದ್ದೇ ಅವರ ಪಾಲಿಗೆ ಸತ್ಯವಾಗುತ್ತದೆ.

ಪದವಿಯ ಮೊದಲ ವರ್ಷದ ಒಂದೇ ಒಂದು ಪ್ರಬಂಧವನ್ನು ಅಧ್ಯಾಪಕರೂ ಗ್ರಂಥಪಾಲಕರೂ ಕೂಡಿ ರೂಪಿಸಲಿ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ನಮ್ಮ ಕಾಲೇಜುಗಳು ಮನಸ್ಸು ಮಾಡಬೇಕಷ್ಟೆ.