ವಿಷದ ಪಂಕ್ತಿಯಿಂದ ಕರುಳಿನ ಲೋಳೆಯವರೆಗೆ

ಐಸ್‌ಕ್ರೀಮ್ ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರದ ಪಟ್ಟಿಯನ್ನು ನಮ್ಮಲ್ಲಿ ಅನೇಕರು ಓದುವುದು ಮೊಟ್ಟೆ, ಜೆಲಟಿನ್ ಇದೆಯೇ ಎಂದು ತಿಳಿಯುವುದಕ್ಕೆ. ಅದೇ ಪಟ್ಟಿಯಲ್ಲಿ ಪಾಲಿಸಾರ್ಬೇಟ್ 80, ಸೆಲ್ಯುಲೋಸ್ ಗಮ್, ಗ್ವಾರ್ ಗಮ್ ಎಂಬ ಹೆಸರುಗಳೂ ಇರುತ್ತವೆ. ಗ್ವಾರ್ ಎಂದರೆ ನಮ್ಮ ಗೋರಿಕಾಯಿಯೇ; ಅದರ ಬೀಜದಿಂದ ತೆಗೆದ ಅಂಟು ಅದು. ಉಳಿದವುಗಳ ಪರಿಚಯ ನಮಗೆ ಅಷ್ಟಾಗಿಲ್ಲ. ಇಂಥ ಪದಾರ್ಥಗಳು ಹೊಟ್ಟೆಗೆ ಹೋಗಿ ಏನು ಮಾಡುತ್ತವೆ ಎಂಬ ಪ್ರಶ್ನೆಗೆ ನಾವು ಬಂದು ನೆಲೆಸಿರುವ ಈ ಅಮೆರಿಕದಲ್ಲಿ ನೂರಿಪ್ಪತ್ತು ವರ್ಷಗಳ ಇತಿಹಾಸವಿದೆ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಲ್ಲಿ ಹಾಲು ಕೆಡದಿರಲೆಂದು ಫಾರ್ಮಾಲ್ಡಿಹೈಡ್, ಮಾಂಸ ಮತ್ತು ಬೆಣ್ಣೆ ಕೆಡದಿರಲೆಂದು ಬೊರಾಕ್ಸ್, ಅಂದರೆ ಬಿಳಿಗಾರ, ಬೆರೆಸುತ್ತಿದ್ದರು. ಕೃಷಿ ಇಲಾಖೆಯ ಮುಖ್ಯ ರಸಾಯನತಜ್ಞರಾಗಿದ್ದ ಹಾರ್ವಿ ವೈಲಿ 1902ರಲ್ಲಿ ಹನ್ನೆರಡು ಮಂದಿ ಯುವಕರನ್ನು ವಾಷಿಂಗ್ಟನ್ನಿನ ತಮ್ಮ ಕಚೇರಿಯ ನೆಲಮಾಳಿಗೆಯಲ್ಲಿ ಊಟಕ್ಕೆ ಕೂರಿಸಿದರು. ಊಟ ಪುಕ್ಕಟೆ, ಆದರೆ ಅದರೊಡನೆ ಬೊರಾಕ್ಸನ್ನೂ ತಿನ್ನಬೇಕು. ಬೆಣ್ಣೆಯಲ್ಲಿ ಬೊರಾಕ್ಸ್ ಇದೆಯೆಂದು ಗೊತ್ತಾದೊಡನೆ ಹುಡುಗರು ಬೆಣ್ಣೆ ಮುಟ್ಟುವುದನ್ನೇ ಬಿಟ್ಟರು. ಕೊನೆಗೆ ಕ್ಯಾಪ್ಸೂಲಿನಲ್ಲಿ ಕೊಡಬೇಕಾಯಿತು. ಮುಂದಿನ ವರ್ಷಗಳಲ್ಲಿ ಸ್ಯಾಲಿಸಿಲಿಕ್ ಆಮ್ಲ, ಬೆಂಜೋಯಿಕ್ ಆಮ್ಲ, ಫಾರ್ಮಾಲ್ಡಿಹೈಡ್‌ಗಳ ಸರದಿ ಬಂತು. ತೂಕ, ನಾಡಿ, ಮೈಬಿಸಿ, ಮಲಮೂತ್ರ ಎಲ್ಲಕ್ಕೂ ಲೆಕ್ಕವಿತ್ತು. ಪತ್ರಿಕೆಗಳು ಇವರನ್ನು 'ಪಾಯ್ಸನ್ ಸ್ಕ್ವಾಡ್' ಎಂದು ಕರೆದವು. ವಿಷದ ಪಂಕ್ತಿ ಎಂದರೆ ನಮಗೆ ಚೆನ್ನಾಗಿ ಅರ್ಥವಾದೀತು. ಈ ಪ್ರಯೋಗಗಳು ಎಬ್ಬಿಸಿದ ಜನಾಭಿಪ್ರಾಯವೂ ಸೇರಿ, 1906ರಲ್ಲಿ ಶುದ್ಧ ಆಹಾರ ಮತ್ತು ಔಷಧ ಕಾಯಿದೆಗೆ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಸಹಿ ಹಾಕಿದರು.

1958ರ ತಿದ್ದುಪಡಿ ಇನ್ನೊಂದು ಹೆಜ್ಜೆ. ಹೊಸ ಪದಾರ್ಥ ಬೆರೆಸುವವರೇ ಅದು ಸುರಕ್ಷಿತವೆಂದು ಮೊದಲು ತೋರಿಸಬೇಕು. ಮನುಷ್ಯರಲ್ಲಾಗಲಿ ಪ್ರಾಣಿಗಳಲ್ಲಾಗಲಿ ಕ್ಯಾನ್ಸರ್ ತರುವುದನ್ನು ಬೆರೆಸುವಂತೆಯೇ ಇಲ್ಲ. ಈ ಎರಡನೆಯ ನಿಯಮಕ್ಕೆ ನ್ಯೂಯಾರ್ಕಿನ ಕಾಂಗ್ರೆಸ್ ಸದಸ್ಯ ಜೇಮ್ಸ್ ಡಿಲೇನಿ ಅವರ ಹೆಸರಿದೆ. ಆದರೆ ಸಾಮಾನ್ಯವಾಗಿ ಸುರಕ್ಷಿತವೆಂದು ತಜ್ಞರು ಒಪ್ಪಿದ ಪದಾರ್ಥಗಳಿಗೆ ವಿನಾಯಿತಿ ದೊರೆಯಿತು. ಸೆಲ್ಯುಲೋಸ್ ಗಮ್ ಇರುವುದು ಆ ವಿನಾಯಿತಿಯ ಪಟ್ಟಿಯಲ್ಲಿ. ಹೀಗೆ ನಾವು ಕೇಳುತ್ತಿದ್ದ ಮುಖ್ಯ ಪ್ರಶ್ನೆಗಳು ಎರಡು: ತಿಂದವನಿಗೆ ವಿಷವಾಗುತ್ತದೆಯೇ, ಕ್ಯಾನ್ಸರ್ ಬರುತ್ತದೆಯೇ? ರಕ್ತಕ್ಕೆ ಸೇರದೆ ಹೊರಗೆ ಹೋಗುವ ಪದಾರ್ಥದ ಬಗ್ಗೆ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ.

ಕರುಳಿನ ಒಳಮೈಯನ್ನು ಕಾಯುವ ಲೋಳೆಯ ಬಗ್ಗೆ ಯಾರೂ ಕೇಳದಿರಲು ಒಂದು ಕಾರಣವಿತ್ತು. ನಾವು ಎಂ.ಬಿ.ಬಿ.ಎಸ್. ಓದುವಾಗ ಸೂಕ್ಷ್ಮದರ್ಶಕದಲ್ಲಿ ನೋಡಿದ ಕರುಳಿನ ಚೂರುಗಳಲ್ಲಿ ಆ ಲೋಳೆಯ ಹೊದಿಕೆ ಹೆಚ್ಚುಕಡಿಮೆ ಕಾಣುತ್ತಲೇ ಇರಲಿಲ್ಲ. ಚೂರು ಕೆಡದಿರಲೆಂದು ಅದನ್ನು ಫಾರ್ಮಲಿನ್‌ನಲ್ಲಿ, ಅಂದರೆ ವೈಲಿಯವರ ಪಂಕ್ತಿಯಲ್ಲಿ ಬಡಿಸಿದ ಅದೇ ಫಾರ್ಮಾಲ್ಡಿಹೈಡ್‌ನ ನೀರಿನಲ್ಲಿ, ಅದ್ದುತ್ತಾರೆ. ಅದರಲ್ಲಿ ಲೋಳೆ ಕುಸಿದುಹೋಗುತ್ತದೆ. ನೀರಿಲ್ಲದ ಕಾರ್ನಾಯ್ ದ್ರಾವಣದಲ್ಲಿ ಇಟ್ಟರೆ ಲೋಳೆ ಉಳಿಯುತ್ತದೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಗುನ್ನಾರ್ ಹಾನ್ಸನ್ ಅವರ ತಂಡ 2008ರಲ್ಲಿ ಇಲಿಗಳ ದೊಡ್ಡ ಕರುಳಿನಲ್ಲಿ ಎರಡು ಲೋಳೆಪದರಗಳಿರುವುದನ್ನು ತೋರಿಸಿತು. ಹೊರಪದರದಲ್ಲಿ ಬ್ಯಾಕ್ಟೀರಿಯಾಗಳಿಗೆ ಜಾಗವಿದೆ. ಒಳಪದರದಲ್ಲಿ ಅವುಗಳಿಗೆ ಪ್ರವೇಶವಿಲ್ಲ.

ಗೋಡೆ ಕಂಡಮೇಲೆ, ಅದನ್ನು ಕರಗಿಸುವುದು ಯಾವುದೆಂದು ಹುಡುಕುವುದು ಸಾಧ್ಯವಾಯಿತು. ಎಣ್ಣೆ ಮತ್ತು ನೀರನ್ನು ಬೆರೆಸಿಡುವ ಎಮಲ್ಸಿಫೈಯರ್‌ಗಳ ಮೇಲೆ ಸಹಜವಾಗಿಯೇ ಅನುಮಾನ ಬಂತು. 2015ರಲ್ಲಿ ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದ ಬೆನುವಾ ಶಾಸೆಂಗ್ ಮತ್ತು ಆಂಡ್ರೂ ಗೆವಿರ್ಟ್ಸ್ 'ನೇಚರ್' ಪತ್ರಿಕೆಯಲ್ಲಿ ತಮ್ಮ ಪ್ರಯೋಗವನ್ನು ಪ್ರಕಟಿಸಿದರು. ಹನ್ನೆರಡು ವಾರ ಪಾಲಿಸಾರ್ಬೇಟ್ 80 ಅಥವಾ ಸೆಲ್ಯುಲೋಸ್ ಗಮ್ ಕುಡಿದ ಇಲಿಗಳಲ್ಲಿ ಬ್ಯಾಕ್ಟೀರಿಯಾಗಳು ಕರುಳಿನ ಗೋಡೆಯ ಹತ್ತಿರಕ್ಕೆ ಬಂದಿದ್ದವು. ಸಣ್ಣ ಮಟ್ಟದ ಉರಿಯೂತ ಕಂಡಿತು. ಹುಟ್ಟಿನಿಂದಲೇ ಆ ಕಡೆ ಒಲವಿದ್ದ ಇಲಿಗಳಲ್ಲಿ ಕರುಳಿನ ಹುಣ್ಣಿನ ಕಾಯಿಲೆ ಹೆಚ್ಚಾಯಿತು. ಬ್ಯಾಕ್ಟೀರಿಯಾಗಳೇ ಇಲ್ಲದಂತೆ ಸಾಕಿದ ಇಲಿಗಳಿಗೆ ಏನೂ ಆಗಲಿಲ್ಲ.

ಆಮೇಲೆ ಮತ್ತೆ ಮನುಷ್ಯರ ಪಂಕ್ತಿ. 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 16 ಮಂದಿ ಆರೋಗ್ಯವಂತರು 11 ದಿನ ಒಂದೇ ಬಗೆಯ ಊಟ ಮಾಡಿದರು. ಅವರಲ್ಲಿ 7 ಮಂದಿಗೆ ದಿನಕ್ಕೆ 15 ಗ್ರಾಂ ಸೆಲ್ಯುಲೋಸ್ ಗಮ್ ಸೇರಿಸಿ ಬಡಿಸಿದರು. ಇದು ನಾವು ಸಾಮಾನ್ಯವಾಗಿ ತಿನ್ನುವುದಕ್ಕಿಂತ ಹೆಚ್ಚು. ಅವರ ಕರುಳಿನ ಬ್ಯಾಕ್ಟೀರಿಯಾಗಳ ವೈವಿಧ್ಯ ಕಡಿಮೆಯಾಯಿತು, ಊಟದ ನಂತರ ಹೊಟ್ಟೆಯ ಕಿರಿಕಿರಿ ತುಸು ಹೆಚ್ಚಾಯಿತು. ಇಬ್ಬರಲ್ಲಿ ಬ್ಯಾಕ್ಟೀರಿಯಾ ಒಳಲೋಳೆಗೆ ನುಗ್ಗಿತ್ತು. ಐವರಲ್ಲಿ ಹಾಗಾಗಲಿಲ್ಲ ಎಂಬುದನ್ನೂ ಮರೆಯಬಾರದು.

ಇದು ನಮ್ಮ ಕುಟುಂಬಗಳಿಗೂ ಸಂಬಂಧಿಸಿದ ವಿಷಯ. ಕೆನಡಾದ ಒಂಟಾರಿಯೊ ಪ್ರಾಂತದ ದಾಖಲೆಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ದಕ್ಷಿಣ ಏಷ್ಯಾದಿಂದ ಹೋದವರಿಗೆ ಹುಟ್ಟಿದ ಮಕ್ಕಳಲ್ಲಿ ಕ್ರೋನ್ಸ್ ಮತ್ತು ಅಲ್ಸರೇಟಿವ್ ಕೊಲೈಟಿಸ್ ಬರುವ ಸಂಭವ ವಲಸೆ ಬಂದಿರದ ಕುಟುಂಬಗಳ ಮಕ್ಕಳಷ್ಟೇ ಇದೆ. ಒಂದು ತಲೆಮಾರಿನಲ್ಲಿ ವಂಶವಾಹಿ ಬದಲಾಗುವುದಿಲ್ಲ. ಬದಲಾದದ್ದು ನೆಲ, ನೀರು, ಊಟ. ಇದಕ್ಕೆಲ್ಲ ಐಸ್‌ಕ್ರೀಮೊಂದೇ ಕಾರಣವೆಂದು ಹೇಳಲು ನಮ್ಮಲ್ಲಿ ಆಧಾರವಿಲ್ಲ. ಹುಟ್ಟುಹಬ್ಬದ ದಿನ ಮಕ್ಕಳ ಕೈಯಿಂದ ಬಟ್ಟಲು ಕಿತ್ತುಕೊಳ್ಳುವ ಅಗತ್ಯವೂ ಇಲ್ಲ.

ಆದರೆ ದಿನನಿತ್ಯದ ಊಟ ಡಬ್ಬಿಯಿಂದ ಬರುವುದು ಕಡಿಮೆಯಾದಷ್ಟೂ ಒಳ್ಳೆಯದು. ಮನೆಯಲ್ಲಿ ಹೆಪ್ಪು ಹಾಕಿದ ಮೊಸರಿಗೆ ಯಾವ ಗಮ್ಮೂ ಬೇಕಿಲ್ಲ. ಮಕ್ಕಳಿಗೆ ವಾರಗಟ್ಟಲೆ ಹೊಟ್ಟೆನೋವು, ಭೇದಿ ಇದ್ದರೆ, ಮಲದಲ್ಲಿ ರಕ್ತ ಕಂಡರೆ ಅಥವಾ ತೂಕ ಇಳಿದರೆ, ಉಷ್ಣವೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸಿ. ಇನ್ನು ಮುಂದೆ ಡಬ್ಬಿ ಕೈಗೆತ್ತಿಕೊಂಡಾಗ, ಮೊಟ್ಟೆಗಾಗಿ ಹುಡುಕುವ ಕಣ್ಣು ಪಟ್ಟಿಯ ಕೊನೆಯವರೆಗೂ ಹೋಗಲಿ.